ಬಿಸಿಲು ತಿಂದ ರಬ್ಬರು, ಮಳೆಗೆ ನಿಂತ ವ್ಯಾನು

ಮೂಗೂರು ಸೀಮೆಯಲ್ಲಿ ವೈಪರ್ ಕೆಡಿಸುವುದು ಬಿಸಿಲು. ಕೆಟ್ಟಿದೆ ಎಂದು ತೋರಿಸಿಕೊಡುವುದು ಮಳೆ. ಡಿಸೆಂಬರ್ ಕಳೆದರೆ ತಿ. ನರಸೀಪುರ, ನಂಜನಗೂಡಿನ ಬಯಲಿಗೆ ಹನಿ ಬೀಳುವುದೇ ಅಪರೂಪ. ಏಪ್ರಿಲ್ ನಡುವಿನವರೆಗೆ ವ್ಯಾನಿನ ಮುಂಗಾಜಿನ ಮೇಲೆ ವೈಪರ್ ಕಡ್ಡಿಗಳು ಮಲಗಿದಲ್ಲೇ ಮಲಗಿರುತ್ತವೆ. ಕಾದ ಗಾಜಿಗೆ ರಬ್ಬರು ಅಂಟಿಕೊಳ್ಳುತ್ತದೆ, ಕಬ್ಬಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಎಬ್ಬಿಸಿದ ದೂಳು ಅದರ ಅಂಚಿಗೆ ಕೂರುತ್ತದೆ, ಕಡ್ಡಿ ತಿರುಗುವ ಗುಬುಟಿನೊಳಗೆ ಗ್ರೀಸು ಒಣಗುತ್ತದೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, 27ರ ಹೊತ್ತಿಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ. ಸಂಜೆಯ ಹೊತ್ತು ಗಾಳಿ, ಗುಡುಗಿನ ಜೊತೆ ಒಂದೇ ಸಲ ಸುರಿಯುವ ಮಳೆ ಅದು. ಚಾಲಕ ಸ್ವಿಚ್ಚು ತಿರುವಿದಾಗಲೇ ತಿಳಿಯುವುದು, ನಾಲ್ಕು ತಿಂಗಳ ಬಿಸಿಲು ಏನು ಮಾಡಿದೆ ಎಂದು.

ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಆಗುಂಬೆಯಲ್ಲಿ ಅದು 7,000 ಮಿಲಿಮೀಟರಿಗೂ ಮಿಕ್ಕಿದ್ದು. ಮಲೆನಾಡಿನ ಚಾಲಕನಿಗೆ ಜೂನ್ ಬರುವುದು ಗೊತ್ತು. ಮೇ ಮುಗಿಯುವುದರೊಳಗೆ ಬ್ಲೇಡು ಬದಲಿಸಿಕೊಂಡು ಸಿದ್ಧನಾಗಿರುತ್ತಾನೆ. ಬಯಲುಸೀಮೆಯ ಮಳೆಗೆ ಹಾಗೆ ಒಂದೇ ಕಾಲವಿಲ್ಲ. ಮೇ ತಿಂಗಳಲ್ಲೊಮ್ಮೆ, ಹಸ್ತ, ಚಿತ್ತೆಗಳ ಹೊತ್ತಿಗೆ ಅಕ್ಟೋಬರಿನಲ್ಲೊಮ್ಮೆ ಏರುತ್ತದೆ. ನಡುವೆ ಮೋಡವಷ್ಟೇ ಹಾಯುವ ವಾರಗಳಿರುತ್ತವೆ. ಹಾಗಾಗಿ ಇಲ್ಲಿ ವೈಪರ್ ಮರೆತುಹೋಗುವ ಸಾಮಾನು. ಮರೆತ ಸಾಮಾನನ್ನು ತುರ್ತಿನಲ್ಲಿ ರಿಪೇರಿ ಮಾಡಿಕೊಟ್ಟೇ ಬಸ್ ನಿಲ್ದಾಣಗಳ ಪಕ್ಕದ ಆಟೋ ಎಲೆಕ್ಟ್ರಿಷಿಯನ್ನುಗಳು ತಮ್ಮ ಕಸುಬಿನ ಒಂದು ಭಾಗವನ್ನು ಕಟ್ಟಿಕೊಂಡರು. ಆ ಕಸುಬಿನ ಹಿಂದೆ ನೂರಿಪ್ಪತ್ತು ವರ್ಷದ ಕಥೆಯಿದೆ.

ಮೋಟಾರಿನ ಮುಂದೆ ಗಾಜು ಬಂದದ್ದು ಮೊದಲು, ಅದನ್ನು ಒರೆಸುವ ಉಪಾಯ ಬಂದದ್ದು ಆಮೇಲೆ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಹೋಗುತ್ತಿದ್ದಾಗ, ದಾರಿ ಕಾಣದೆ ಚಾಲಕ ಮುಂದಿನ ಕಿಟಕಿ ತೆರೆದು ಹಿಮ, ಗಾಳಿಗೆ ಮುಖವೊಡ್ಡಿದ್ದನ್ನು ಕಂಡರು. 1903ರ ನವೆಂಬರ್ 10ರಂದು ಅವರಿಗೆ 743,801 ಸಂಖ್ಯೆಯ ಪೇಟೆಂಟ್ ಸಿಕ್ಕಿತು: ಒಳಗೊಂದು ಹಿಡಿಕೆ, ಹೊರಗೊಂದು ರಬ್ಬರು ಕಟ್ಟಿದ ತೋಳು, ತೋಳು ಗಾಜಿಗೆ ಒತ್ತಿಕೊಂಡಿರಲು ತೂಕ. ಕೈಯಿಂದ ಹಿಡಿಕೆ ಆಡಿಸಿದರೆ ಹೊರಗೆ ಗಾಜು ಒರೆಸುತ್ತಿತ್ತು. ಕೊಳ್ಳುವ ಕಂಪನಿ ಸಿಗಲಿಲ್ಲ. 1920ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. 1922ರಲ್ಲಿ ಕ್ಯಾಡಿಲಾಕ್ ತನ್ನ ಕಾರುಗಳಿಗೆಲ್ಲ ವೈಪರ್ ಕೂರಿಸಿಕೊಡಲು ತೊಡಗಿದಾಗ ಮೇರಿಗೆ ಅದರಿಂದ ಕಾಸೂ ಬರಲಿಲ್ಲ. ಬಫಲೋ ನಗರದ ಜಾನ್ ಓಯ್‌ಶೈ ಮಳೆಯಲ್ಲಿ ದಾರಿ ಕಾಣದೆ ಸೈಕಲ್ ಸವಾರನೊಬ್ಬನಿಗೆ ಕಾರು ತಾಗಿಸಿ, ಆ ಕಳವಳದಿಂದಲೇ 1917ರಲ್ಲಿ ವೈಪರ್ ಕಂಪನಿ ತೆರೆದರು. ಅದೇ ಮುಂದೆ ಟ್ರೈಕೊ ಆಯಿತು.

ಹಿಡಿಕೆ ಆಡಿಸುವ ಕೈಗೆ ಸ್ಟಿಯರಿಂಗ್ ಬಿಡುವ ಅಪಾಯವಿತ್ತು. ಅದಕ್ಕೆ ಪೆಟ್ರೋಲ್ ಎಂಜಿನ್ನಿನ ಉಸಿರೆಳೆತವನ್ನೇ ಬಳಸುವ ವ್ಯಾಕ್ಯೂಮ್ ವೈಪರ್ ಬಂತು. ಎಂಜಿನ್ನಿನಿಂದ ಒಂದು ರಬ್ಬರ್ ಕೊಳವೆ, ಗಾಜಿನ ಮೇಲಂಚಿನಲ್ಲೊಂದು ಪುಟ್ಟ ಡಬ್ಬಿ. ಡಬ್ಬಿಯೊಳಗಿನ ರೆಕ್ಕೆ ಗಾಳಿಯ ಎಳೆತಕ್ಕೆ ಅತ್ತಿತ್ತ ಆಡಿದರೆ ಹೊರಗೆ ಕಡ್ಡಿ ಆಡಿತು. ಫೋರ್ಡ್, ಷೆವರ್ಲೆ ವಾಹನಗಳಲ್ಲಿ ಇದು ದಶಕಗಳ ಕಾಲ ನಡೆಯಿತು. 1920ರ ದಶಕದ ಕೊನೆಯ ಹೊತ್ತಿಗೆ ಈ ಎರಡೂ ಕಂಪನಿಗಳು ಭಾರತದಲ್ಲೇ ವಾಹನ ಜೋಡಿಸುತ್ತಿದ್ದವು. ಅವುಗಳ ಚಾಸಿಗಳ ಮೇಲೆ ಮರದ ಬಾಡಿ ಕಟ್ಟಿಸಿದ ಖಾಸಗಿ ಬಸ್ಸುಗಳು ದಕ್ಷಿಣ ಭಾರತದ ಊರೂರಿಗೆ ಓಡಿದವು.

ವ್ಯಾಕ್ಯೂಮ್ ವೈಪರಿಗೆ ಒಂದು ದೊಡ್ಡ ಕೊರತೆಯಿತ್ತು. ಏರು ಹತ್ತುವಾಗ ಚಾಲಕ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಎಳೆತ ಇಳಿಯುತ್ತದೆ. ಆಗ ವೈಪರ್ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ಕಾಲು ತೆಗೆದರೆ ಮತ್ತೆ ಓಡುತ್ತದೆ. ಘಾಟಿ ರಸ್ತೆಯಲ್ಲಿ, ಅದೂ ಮಳೆಯಲ್ಲಿ, ಚಾಲಕ ಅರೆಕ್ಷಣ ಕಾಲೆತ್ತಿ, ಗಾಜು ಒರೆಸಿಕೊಂಡು, ಮತ್ತೆ ಒತ್ತುತ್ತ ಏರಬೇಕಿತ್ತು. ಕೊಳವೆಯಲ್ಲಿ ಸೀಳು ಬಿಟ್ಟರೂ ಇದೇ ಪಾಡು. ಆ ಕಾಲದ ಅನೇಕ ವಾಹನಗಳ ಮುಂಗಾಜನ್ನು ಕೀಲಿನ ಮೇಲೆ ಹೊರಕ್ಕೆ ತೆರೆಯಬಹುದಿತ್ತು. ಏನೂ ಕೈಹಿಡಿಯದಿದ್ದರೆ ಗಾಜು ತೆರೆದು, ಮುಖಕ್ಕೆ ಮಳೆ ಹೊಡೆಸಿಕೊಂಡೇ ಓಡಿಸುವುದು ಉಳಿದ ದಾರಿ.

ನಂಜನಗೂಡಿಗೆ ರೈಲು ಹತ್ತೊಂಬತ್ತನೇ ಶತಮಾನದಲ್ಲೇ ಬಂದಿತ್ತು. 1735ರ ಸುಮಾರಿಗೆ ದಳವಾಯಿ ದೇವರಾಜಯ್ಯ ಕಪಿಲೆಗೆ ಕಟ್ಟಿಸಿದ ಸೇತುವೆಯ ಮೇಲೆ ರಸ್ತೆಯ ಜೊತೆ ಹಳಿಯೂ ಹಾದಿತ್ತು. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರದ ಪಟ್ಟಣಕ್ಕೆ ಮಾತ್ರ ರೈಲು ಬರಲೇ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ, ಚಾಮರಾಜನಗರ ಜಿಲ್ಲೆಯ ಗಡಿಯ ಕಡೆಗಿರುವ ಮೂಗೂರಿಗೂ ಇಲ್ಲ. ತ್ರಿಪುರಸುಂದರಿ ಅಮ್ಮನವರ ಗುಡಿಯಿಂದಲೂ ಭರತನಾಟ್ಯದ ಮೂಗೂರು ಪರಂಪರೆಯಿಂದಲೂ ಹೆಸರಾದ ಈ ಊರಿಗೆ ರಸ್ತೆಯೇ ಗತಿ. ಎತ್ತಿನ ಗಾಡಿ ಆದಮೇಲೆ ಬಸ್ಸು, ಬಸ್ಸಿನ ಹಿಂದೆ ವ್ಯಾನು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಸರ್ಕಾರಿ ಬಸ್ಸಿಗೆ ಡಿಪೋ ಇತ್ತು, ಮೆಕ್ಯಾನಿಕ್ ಇದ್ದ. ಖಾಸಗಿ ವಾಹನದವನು ರಸ್ತೆ ಬದಿಯಲ್ಲೇ ತನ್ನ ಮೆಕ್ಯಾನಿಕ್ಕನ್ನು ಹುಡುಕಿಕೊಳ್ಳಬೇಕಿತ್ತು.

ವ್ಯಾಕ್ಯೂಮಿನ ಕಾಲ ಮುಗಿಸಿದ್ದು ಡೀಸೆಲ್. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆದು ಬಿಡುವ ಥ್ರಾಟಲ್ ಇರಲಿಲ್ಲ. ಹಾಗಾಗಿ ವೈಪರ್ ಆಡಿಸುವಷ್ಟು ಎಳೆತವೂ ಹುಟ್ಟುತ್ತಿರಲಿಲ್ಲ. 1954ರಲ್ಲಿ ಜೆಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಬಿದ್ದವು, 1955ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಬ್ರೇಕಿಗೆ ಗಾಳಿ ತುಂಬಿಡುವ ಟ್ಯಾಂಕ್ ಇದ್ದ ಕೆಲವು ಭಾರಿ ವಾಹನಗಳಲ್ಲಿ ಅದೇ ಗಾಳಿಯಿಂದ ವೈಪರ್ ಆಡಿತು. ಮಿಕ್ಕವುಗಳಿಗೆ ಕರೆಂಟಿನ ಮೋಟರ್. ಜರ್ಮನಿಯ ಬಾಷ್ ಕಂಪನಿ 1926ರಲ್ಲೇ ಎಲೆಕ್ಟ್ರಿಕ್ ವೈಪರ್ ಮಾರುಕಟ್ಟೆಗೆ ತಂದಿತ್ತು. ಅದೇ ಬಾಷ್‌ನ ಪಾಲಿದ್ದ ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಸ್ಪಾರ್ಕ್ ಪ್ಲಗ್ಗಿಗೂ ಡೀಸೆಲ್ ಪಂಪಿಗೂ ಮನೆಮಾತಾಯಿತು. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಆರಂಭವಾಯಿತು. ಡೈನಮೊ, ಸ್ಟಾರ್ಟರ್, ವೈಪರ್ ಮೋಟರ್‌ಗಳು ಈ ನೆಲದಲ್ಲೇ ತಯಾರಾಗತೊಡಗಿದವು. ಜೊತೆಗೆ ಅವನ್ನು ಬಿಚ್ಚಿ ಕಲಿಯುವ ಹುಡುಗರೂ ತಯಾರಾದರು.

ಹೀಗೆ ಸಜ್ಜಾದ ಹಾದಿಗೆ ಇಳಿದದ್ದು ಮೆಟಡೋರ್.

1958ರಲ್ಲಿ ಫಿರೋದಿಯಾ ಮನೆತನ ಜರ್ಮನಿಯ ಟೆಂಪೋ ಕಂಪನಿಯ ಸಹಯೋಗದಲ್ಲಿ ಮೂರು ಗಾಲಿಯ ಟೆಂಪೋ ತಯಾರಿಸಲು ತೊಡಗಿತು. ಅದೇ ಬಜಾಜ್ ಟೆಂಪೋ ಕಂಪನಿಯ ಮೆಟಡೋರ್ 1970ರ ದಶಕದಿಂದ ಶತಮಾನದ ಕೊನೆಯವರೆಗೂ ಕರ್ನಾಟಕದ ಹಳ್ಳಿ ರಸ್ತೆಗಳಲ್ಲಿ ಕಾಣದ ದಿನವಿರಲಿಲ್ಲ. ಮೂತಿಯಿಲ್ಲದ ಚಪ್ಪಟೆ ಮುಖ, ಎದುರಿಗೆ ಅಗಲದ ಗಾಜು, ಚಾಲಕನ ಪಕ್ಕದಲ್ಲೇ ಎಂಜಿನ್ ಡಬ್ಬ. ಹಿಂದೆ ಸೀಟು ಹಾಕಿದರೆ ಮದುವೆ ದಿಬ್ಬಣ, ತೆಗೆದರೆ ಸರಕು. ಮುಡುಕುತೊರೆ ಜಾತ್ರೆಗೆ, ನಂಜನಗೂಡಿನ ದೊಡ್ಡ ತೇರಿಗೆ, ತಲಕಾಡಿನ ಪಂಚಲಿಂಗ ದರ್ಶನಕ್ಕೆ, 1989ರಲ್ಲಿ ತಿರುಮಕೂಡಲಿನಲ್ಲಿ ಶುರುವಾದ ಕುಂಭಮೇಳಕ್ಕೆ ಊರಿನವರು ಬಾಡಿಗೆಗೆ ಹಿಡಿಯುತ್ತಿದ್ದುದು ಇಂಥ ವ್ಯಾನುಗಳನ್ನೇ. ಜಾತ್ರೆಯೆಲ್ಲ ಬಹುಪಾಲು ಬಿಸಿಲುಗಾಲದ್ದು. ಅಲ್ಲಿ ವೈಪರ್ ಬೇಕಾಗುತ್ತಿರಲಿಲ್ಲ. ಬೇಕಾಗುತ್ತಿದ್ದುದು ರೇಷ್ಮೆಗೂಡು ಸಾಗಿಸುವ ರಾತ್ರಿ.

ತಿ. ನರಸೀಪುರ ರೇಷ್ಮೆಯ ಊರು. ಮೈಸೂರಿನ ನೇಯ್ಗೆ ಕಾರ್ಖಾನೆಗೆ ನೂಲು ಕೊಡುವ ಸರ್ಕಾರಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಅಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು, ಚಂದ್ರಿಕೆಯಲ್ಲಿ ಗೂಡು ಕಟ್ಟಿಸಿದ ರೈತನಿಗೆ ಕಾಯುವ ಅವಕಾಶ ಕಡಿಮೆ. ಬಿಡಿಸಿದ ಗೂಡನ್ನು ಕೆಲವೇ ದಿನದೊಳಗೆ ಮಾರಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಒದ್ದೆಯಾದರೆ ಕಲೆ ಹಿಡಿದು ಬೆಲೆ ಬೀಳುತ್ತದೆ. ಹರಾಜು ನಡೆಯುವುದು ಬೆಳಿಗ್ಗೆ; ಕೊಳ್ಳೇಗಾಲಕ್ಕೋ ರಾಮನಗರಕ್ಕೋ ಹೊತ್ತಿಗೆ ಮುಂಚೆ ತಲುಪಬೇಕು ಅಂದರೆ ರಾತ್ರಿಯೇ ಹೊರಡಬೇಕು. ಟಾರ್ಪಾಲು ಬಿಗಿದು ನಾಲ್ಕಾರು ಮನೆಯ ಗೂಡು ಹೇರಿಕೊಂಡ ವ್ಯಾನು ಚಿತ್ತೆ ಮಳೆಗೆ ಸಿಕ್ಕಿ, ವೈಪರ್ ಕೈಕೊಟ್ಟರೆ, ಮಳೆ ನಿಲ್ಲುವವರೆಗೆ ಮರದಡಿ ನಿಲ್ಲುವಂತಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಗಾಜು ಮಸುಕಾದ ಒಂದೊಂದು ಸೆಕೆಂಡೂ ಅಷ್ಟು ದೂರದ ಕುರುಡು ಓಟ. ಎದುರಿಗೆ ದೀಪವಿಲ್ಲದ ಎತ್ತಿನ ಗಾಡಿ ಇರಬಹುದು, ರಸ್ತೆ ಮಧ್ಯೆ ಹುಲ್ಲು ಹರವಿದ ಕಣವಿರಬಹುದು.

ಆ ತುರ್ತಿಗೆ ಚಾಲಕರು ಕಂಡುಕೊಂಡ ಉಪಾಯಗಳಿದ್ದವು. ಬೀಡಿ ಬಿಚ್ಚಿ ತಂಬಾಕಿನ ಪುಡಿಯನ್ನು ಒದ್ದೆ ಗಾಜಿಗೆ ಉಜ್ಜುವುದು ಎಲ್ಲರಿಗೂ ಗೊತ್ತಿದ್ದ ಮದ್ದು. ಹೆಚ್ಚಿದ ಆಲೂಗಡ್ಡೆಯನ್ನೂ ಈರುಳ್ಳಿಯನ್ನೂ ಉಜ್ಜುತ್ತಿದ್ದರು. ಗಾಜಿನ ಮೇಲೆ ಎಣ್ಣೆಯ ಪಸೆ ಇದ್ದಾಗ ನೀರು ಹನಿಹನಿಯಾಗಿ ನಿಂತು ಬೆಳಕನ್ನು ಚೆದುರಿಸುತ್ತದೆ. ಉಜ್ಜಿದ ರಸ ಆ ಪಸೆಯನ್ನು ಮುರಿದರೆ ನೀರು ತೆಳ್ಳಗೆ ಹರಡಿ ಜಾರುತ್ತದೆ. ಸ್ವಲ್ಪ ದೂರದವರೆಗೆ ದಾರಿ ಕಾಣುತ್ತದೆ, ಮತ್ತೆ ಇಳಿದು ಉಜ್ಜಬೇಕು. ಇನ್ನೊಂದು ಉಪಾಯ ಹಗ್ಗದ್ದು. ಎರಡೂ ಕಡ್ಡಿಗಳಿಗೆ ದಾರ ಕಟ್ಟಿ, ಒಂದು ತುದಿ ಚಾಲಕನ ಕಿಟಕಿಯಿಂದ, ಇನ್ನೊಂದು ತುದಿ ಕ್ಲೀನರ್ ಕಿಟಕಿಯಿಂದ ಒಳಗೆ ತಂದು ಸರದಿಯಲ್ಲಿ ಎಳೆಯುವುದು. ಮೇರಿ ಆಂಡರ್ಸನ್ನರ ಕೈಹಿಡಿಕೆಗೆ ಮರಳಿದ ಹಾಗೆಯೇ ಇದು. ಇವೆಲ್ಲ ಊರು ಮುಟ್ಟಿಸುವ ಉಪಾಯಗಳು. ಊರು ಮುಟ್ಟಿದ ಮೇಲೆ ನಿಜವಾದ ಕೆಲಸ.

ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ತಿಳಿಯುತ್ತದೆ. “ಮೋಟ್ರು ಗುಯ್ ಅಂತದೆ ಕಣಣ್ಣ, ಕಡ್ಡಿ ಮಾತ್ರ ಅಲ್ಲಾಡಕಿಲ್ಲ” ಎಂದು ಚಾಲಕ ಬಂದರೆ, ಪಳಗಿದ ಎಲೆಕ್ಟ್ರಿಷಿಯನ್ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದಿಲ್ಲ. “ಕಡ್ಡಿ ಎತ್ತಿ ನಿಲ್ಸಿ, ಒಂದ್ಸಲ ಸ್ವಿಚ್ ಹಾಕಿ ನೋಡವ” ಅನ್ನುತ್ತಾನೆ. ಗಾಜಿನಿಂದ ಎತ್ತಿದ ಕೂಡಲೇ ಕಡ್ಡಿ ಸರಾಗ ಆಡಿದರೆ ಮೋಟರು ಸರಿಯಿದೆ. ಗಡುಸಾದ ರಬ್ಬರೋ ಒರಟಾದ ಗಾಜೋ ಅದನ್ನು ಹಿಡಿದು ನಿಲ್ಲಿಸುತ್ತಿದೆ. ಮೋಟರಿನ ಸದ್ದಷ್ಟೇ ಇದ್ದು ಕಡ್ಡಿ ಆಡದಿದ್ದರೆ ಲಿಂಕು ಕಳಚಿದೆ, ಇಲ್ಲವೇ ಕಡ್ಡಿಯ ತಲೆಯೊಳಗಿನ ಹಲ್ಲು ಸವೆದಿದೆ. ಸದ್ದೇ ಇಲ್ಲವೆಂದರೆ ಟೆಸ್ಟ್ ಲ್ಯಾಂಪ್ ಹಿಡಿದು ಫ್ಯೂಸಿನಿಂದ ಹೊರಡಬೇಕು. ಹಳೆಯ ವ್ಯಾನಿನಲ್ಲಿ ಮುಕ್ಕಾಲು ತೊಂದರೆ ಸಿಗುವುದು ಇಲ್ಲೇ: ಫ್ಯೂಸ್ ಕೂರುವ ಕ್ಲಿಪ್ಪಿಗೆ ಕಿಲುಬು, ಬಾಡಿಗೆ ಕಚ್ಚಿದ ಅರ್ಥ್ ವೈರಿನಡಿ ತುಕ್ಕು. ಎರಡನ್ನೂ ಉಜ್ಜಿ ಬಿಗಿದರೆ ಸತ್ತಂತಿದ್ದ ಮೋಟರು ಏಳುತ್ತದೆ.

ಏಳದಿದ್ದರೆ ಮೋಟರನ್ನು ಬಿಚ್ಚಬೇಕು. ಅದರ ಆರ್ಮೇಚರ್ ದಂಡದ ತುದಿಗೆ ಸ್ಕ್ರೂವಿನಂತೆ ಪಟ್ಟೆ ಕೊರೆದಿರುತ್ತದೆ. ಆ ಪಟ್ಟೆ ಒಂದು ಹಲ್ಲಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ, ಚಕ್ರಕ್ಕೆ ಕೂತ ತೋಳು ಲಿಂಕುಗಳನ್ನು ತಳ್ಳಿ ಎಳೆದು ಕಡ್ಡಿಗಳನ್ನು ಆಡಿಸುತ್ತದೆ. ವರ್ಷಗಟ್ಟಲೆ ತೆರೆಯದ ಗೇರ್ ಡಬ್ಬಿಯಲ್ಲಿ ಗ್ರೀಸು ಆಲೆಮನೆಯ ಕೊಪ್ಪರಿಗೆಯಲ್ಲಿ ಆರಿದ ಬೆಲ್ಲದ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿದರೆ ಅರ್ಧ ರಿಪೇರಿ ಮುಗಿಯಿತು. ಇನ್ನರ್ಧ ಕಾರ್ಬನ್ ಬ್ರಷ್ಷಿನದು. ಸವೆದು ಗಿಡ್ಡವಾದ ಬ್ರಷ್ಷು ತಾಮ್ರದ ಕಮ್ಯುಟೇಟರನ್ನು ಮುಟ್ಟದೆ ಕಿಡಿ ಹಾರಿಸಿ ಅದನ್ನು ಕಪ್ಪಾಗಿಸಿರುತ್ತದೆ. ನುಣ್ಣನೆಯ ಉಪ್ಪುಕಾಗದದಲ್ಲಿ ತಾಮ್ರ ಹೊಳೆಯುವಂತೆ ಉಜ್ಜಿ, ಪಟ್ಟಿಗಳ ನಡುವಿನ ಸಂದನ್ನು ಚೂಪಾದ ಬ್ಲೇಡಿನಿಂದ ಬಿಡಿಸಿ, ಹೊಸ ಬ್ರಷ್ಷು ಕೂರಿಸುತ್ತಾರೆ. ಸುರುಳಿಯೇ ಸುಟ್ಟಿದ್ದರೆ ವೈಂಡಿಂಗ್ ಅಂಗಡಿಗೆ ಹೋಗಬೇಕು. ಅಲ್ಲಿ ತಂತಿಯ ಸುತ್ತು ಎಣಿಸಿ ಮತ್ತೆ ಸುತ್ತಿಕೊಡುತ್ತಾರೆ.

ಸ್ವಿಚ್ಚು ಆರಿಸಿದ ಮೇಲೆ ಕಡ್ಡಿ ಕೆಳಗೆ ಬಂದು ಮಲಗದೆ ಗಾಜಿನ ನಡುವೆಯೇ ನಿಲ್ಲುವುದು ಇನ್ನೊಂದು ದೂರು. ಮೋಟರಿನ ಗೇರಿನ ಬಳಿ ಪುಟ್ಟದೊಂದು ಪಾರ್ಕಿಂಗ್ ಸ್ವಿಚ್ ಇರುತ್ತದೆ. ಚಾಲಕ ಆರಿಸಿದರೂ ಕಡ್ಡಿ ತನ್ನ ಜಾಗ ಮುಟ್ಟುವವರೆಗೆ ಅದು ಕರೆಂಟು ಹರಿಸುತ್ತಿರುತ್ತದೆ. ಅದರ ಪತ್ತಿ ಸುಟ್ಟರೆ ಆರಿಸಿದಲ್ಲೇ ಕಡ್ಡಿ ನಿಲ್ಲುತ್ತದೆ. ಪತ್ತಿಯನ್ನು ಉಜ್ಜಿ, ಸ್ವಲ್ಪ ಬಗ್ಗಿಸಿ ಕೂರಿಸಿದರೆ ಸಾಕು. ಸವೆದ ಹಲ್ಲಿನ ಕಡ್ಡಿಯ ತಲೆಗೆ ತೆಳು ತಗಡಿನ ಚೂರು ತುರುಕಿ ಬಿಗಿಯುವುದೂ ಉಂಟು. ಆದರೆ ಅದು ಒಂದು ಮಳೆಗಾಲಕ್ಕಷ್ಟೇ ಎಂದು ಒಳ್ಳೆಯ ಕೆಲಸಗಾರ ಮೊದಲೇ ಹೇಳಿಬಿಡುತ್ತಾನೆ. ಎಲ್ಲ ಜೋಡಿಸಿದ ಮೇಲೆ ಕಡ್ಡಿ ಹಾಕುವುದಕ್ಕೂ ಕ್ರಮವಿದೆ. ಮೊದಲು ಬರಿಯ ಮೋಟರನ್ನು ಓಡಿಸಿ ನಿಲ್ಲಿಸಬೇಕು, ಅದು ತನ್ನ ಜಾಗಕ್ಕೆ ಬಂದು ನಿಂತ ಮೇಲೆಯೇ ಕಡ್ಡಿಗಳನ್ನು ಕೂರಿಸಬೇಕು. ಇಲ್ಲವಾದರೆ ಅವು ಒಂದಕ್ಕೊಂದು ಬಡಿಯುತ್ತವೆ. ಪರೀಕ್ಷೆಗೆ ಗಾಜಿನ ಮೇಲೆ ಒಂದು ಚೊಂಬು ನೀರು ಹುಯ್ಯದೆ ಸ್ವಿಚ್ಚು ಹಾಕುವುದಿಲ್ಲ; ಒಣ ಗಾಜಿನ ಮೇಲಿನ ದೂಳು ರಬ್ಬರಿನಡಿ ಸಿಕ್ಕಿ ಕಮಾನಿನಾಕಾರದ ಗೀರು ಬಿಟ್ಟರೆ, ರಾತ್ರಿ ಎದುರು ವಾಹನದ ಬೆಳಕಿಗೆ ಆ ಗೀರೇ ಕಣ್ಣು ಕುಕ್ಕುತ್ತದೆ.

ಈ ಕೆಲಸಕ್ಕೆ ಕಾನೂನಿನ ಒತ್ತಾಸೆಯೂ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೇ ನಿಯಮ ವೈಪರಿನದು. ಗಾಜಿರುವ ವಾಹನಕ್ಕೆ ಯಂತ್ರಬಲದಿಂದ ಆಡುವ ಸಮರ್ಥ ವೈಪರ್ ಇರಲೇಬೇಕು ಎನ್ನುತ್ತದೆ ಅದು. ಕೈಹಿಡಿಕೆಗೂ ಹಗ್ಗಕ್ಕೂ ಅಲ್ಲಿ ಜಾಗವಿಲ್ಲ. ಬಾಡಿಗೆ ವಾಹನ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್‌ಸಿಗೆ ಹೋದಾಗ ದೀಪ, ಬ್ರೇಕು, ಹಾರ್ನ್ ಜೊತೆ ವೈಪರನ್ನೂ ಆಡಿಸಿ ತೋರಿಸಬೇಕು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಈ ಪರೀಕ್ಷೆ ವರ್ಷವರ್ಷವೂ ಇದೆ. ಹೀಗಾಗಿ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಎರಡು ಸುಗ್ಗಿ ಬಂದವು: ಮಳೆ ಹುಟ್ಟಿದಾಗ ಒಂದು, ಎಫ್‌ಸಿ ಹತ್ತಿರ ಬಂದಾಗ ಇನ್ನೊಂದು.

1984ರಲ್ಲಿ ಮಾರುತಿ ವ್ಯಾನ್ ಬಂತು. ಮುಂದೆ ಓಮ್ನಿ ಎಂದಾಯಿತು. ಶಾಲೆಯ ಮಕ್ಕಳಿಂದ ಹಿಡಿದು ಆಸ್ಪತ್ರೆಯ ರೋಗಿಯವರೆಗೆ ಎಲ್ಲರನ್ನೂ ಹೊತ್ತ ಈ ಪುಟ್ಟ ವ್ಯಾನು 2019ರವರೆಗೂ ತಯಾರಾಯಿತು. ಅದರ ವೈಪರ್ ಹಗುರ, ಬಿಡಿಭಾಗ ಸುಲಭಕ್ಕೆ ಸಿಗುವಂಥದ್ದು. ಆದರೆ ರಿಪೇರಿಯ ರೀತಿ ನಿಧಾನಕ್ಕೆ ಬದಲಾಗತೊಡಗಿತು. ಹಿಂದೆ ಬ್ಲೇಡಿನ ರಬ್ಬರ್ ಪಟ್ಟಿಯನ್ನಷ್ಟೇ ಕೊಂಡು ಅಳತೆಗೆ ಕತ್ತರಿಸಿ ತೂರಿಸುತ್ತಿದ್ದರು. ಈಗ ಇಡೀ ಬ್ಲೇಡು ಬದಲು. ಹಿಂದೆ ಬ್ರಷ್ಷು, ಬುಷ್ಷು, ಪತ್ತಿಗಳಿಗೆ ಬೇರೆಬೇರೆ ಬೆಲೆಯಿತ್ತು. ಹೊಸ ವಾಹನಗಳಲ್ಲಿ ಮೋಟರು ಮುಚ್ಚಿದ ಡಬ್ಬಿಯಾಗಿ ಬರುತ್ತದೆ, ಕೆಟ್ಟರೆ ಡಬ್ಬಿಯೇ ಬದಲು. ಬಿಟ್ಟು ಬಿಟ್ಟು ಒರೆಸುವ ವೈಪರ್ ಈಗ ಮಾಮೂಲು. ಅದನ್ನು ರೂಪಿಸಿ 1967ರಲ್ಲಿ ಪೇಟೆಂಟ್ ಪಡೆದ ರಾಬರ್ಟ್ ಕರ್ನ್ಸ್ ತನ್ನ ಹಕ್ಕಿಗಾಗಿ ಫೋರ್ಡ್ ಕಂಪನಿಯ ಮೇಲೆ ವರ್ಷಗಟ್ಟಲೆ ದಾವೆ ಹೂಡಿ ಹೋರಾಡಿದ. 1990ರಲ್ಲಿ ಕಂಪನಿ 1 ಕೋಟಿ 2 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಮೇರಿಗೆ ದಕ್ಕದ ನ್ಯಾಯ, ತಡವಾಗಿಯಾದರೂ, ಈತನಿಗೆ ದಕ್ಕಿತು.

ಮೆಟಡೋರ್ ತಯಾರಿ ನಿಂತು ಎರಡು ದಶಕ ದಾಟಿದೆ. ಉಳಿದ ಕೆಲವಕ್ಕೆ ಲಿಂಕು, ಸ್ಪಿಂಡಲ್ ಬೇಕೆಂದರೆ ಮೈಸೂರಿನ ಗುಜರಿ ಅಂಗಡಿ ಸುತ್ತಬೇಕು, ಅಲ್ಲಿಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಹೊಂದುವ ಬುಷ್ಷು ಸಿಗದೆ ಲೇತಿನಲ್ಲಿ ಕಡೆಸಿ ಹಾಕಿಸುವವರೂ ಇದ್ದಾರೆ. ಬಿಚ್ಚಿ ನೋಡಿ ಕಲಿತ ತಲೆಮಾರಿನ ಕೆಲಸಗಾರರು ವಯಸ್ಸಾಗಿ ಹಿಂದೆ ಸರಿಯುತ್ತಿದ್ದಾರೆ. ಡಬ್ಬಿ ಬದಲಿಸುವುದನ್ನಷ್ಟೇ ಕಲಿತ ಕೈಗೆ ಕಮ್ಯುಟೇಟರ್ ಉಜ್ಜುವ ಸಂದರ್ಭವೇ ಬರುವುದಿಲ್ಲ. ಕೆಟ್ಟದ್ದರ ಕಾರಣ ಹುಡುಕಿ ಅಷ್ಟನ್ನೇ ಸರಿಪಡಿಸುವ ವಿದ್ಯೆ ರೈತನ ದುಡ್ಡನ್ನೂ ಉಳಿಸುತ್ತಿತ್ತು, ವಾಹನದ ಆಯಸ್ಸನ್ನೂ ಹೆಚ್ಚಿಸುತ್ತಿತ್ತು. ಐಟಿಐ ಪಾಠಗಳಲ್ಲಿ, ಅಂಗಡಿಗಳ ಕಲಿಕೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಯೋಗ್ಯವಾದ ಕೆಲಸ.

ನಮ್ಮ ಕಡೆ ವಾಹನವನ್ನು ತಿಕ್ಕಿ ತೊಳೆದು ಎಲ್ಲ ಸರಿಯಿದೆಯೇ ಎಂದು ನೋಡುವ ದಿನ ಆಯುಧಪೂಜೆ. ಬಾಳೆಕಂದು ಕಟ್ಟಿ, ಗಾಜಿಗೆ ವಿಭೂತಿ, ಗಂಧ, ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣಿಡುವ ಹೊತ್ತಿಗೆ ಹಸ್ತ, ಚಿತ್ತೆ ಮಳೆಯ ಕಾಲ ಬಂದೇ ಇರುತ್ತದೆ. ವರ್ಷದ ಮೊದಲ ಮಳೆಗಂತೂ ಆರು ತಿಂಗಳು ತಡ. ಹಳೆಯ ವ್ಯಾನು ಇಟ್ಟುಕೊಂಡವರು ಇದೊಂದು ಪರಿಶೀಲನೆಯನ್ನು ಯುಗಾದಿಗೆ ತಂದುಕೊಳ್ಳಲಿ. ಕಡ್ಡಿ ಎತ್ತಿ ರಬ್ಬರಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಗಡುಸಾಗಿದ್ದರೆ, ಬಿರಿದಿದ್ದರೆ ಬದಲಿಸಿ. ಗಾಜಿನ ಮೇಲಿನ ಎಣ್ಣೆ, ಕುಂಕುಮದ ಕಲೆಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ನೀರು ಹುಯ್ದು ಸ್ವಿಚ್ಚು ಹಾಕಿ, ಹತ್ತು ಸಲ ಆಡಿಸಿ ನೋಡಿ. ಎಲ್ಲಾದರೂ ತಡೆದರೆ ಎಲೆಕ್ಟ್ರಿಷಿಯನ್ನಿಗೆ ತೋರಿಸಲು ಅಶ್ವಿನಿ ಮಳೆ ಹುಟ್ಟುವುದರೊಳಗೆ ಇನ್ನೂ ಕೆಲವು ದಿನ ಕೈಯಲ್ಲಿರುತ್ತವೆ.